ಮೀಸಲು ಬೆಳಕು

ಆ ಮನೆಗೆ ಬಿಸಿಲೆಂಬುದು ಅಪರೂಪದ ನೆಂಟ. ಎರಡೂ ಕಡೆ ಎತ್ತರದ ಗೋಡೆಗಳೆದ್ದ ಇಕ್ಕಟ್ಟಿನ ಓಣಿಯದು. ಮುಂಜಾನೆ ತುಸು ಹೊತ್ತು ಮಾತ್ರ ಸೂರ್ಯನು ಮಾಡಿನ ಗವಾಕ್ಷಿಯಿಂದ ಇಳಿದು, ಹಾಸಿಗೆ ಹೊಲಿಯುವ ಕೋಣೆಯ ನೆಲದಲ್ಲಿ ಚಾಪೆಯಗಲ ಒರಗಿ, ಮೆಲ್ಲಗೆ ಗೋಡೆಯತ್ತ ಸರಿದು ಮರೆಯಾಗುತ್ತಿದ್ದನು. ಹಿಂಜಿದ ಹತ್ತಿಯ ನವಿರೆಳೆಗಳು ಆ ಬೆಳಕಿನ ಕಂಬದೊಳಗೆ ಏರುತ್ತ ಇಳಿಯುತ್ತ, ಯಾರದೋ ನಿದ್ದೆಯಲ್ಲಿ ಸುರಿಯುವ ಹಿಮದಂತೆ ತೇಲುತ್ತಿದ್ದವು.

ಆ ಬೆಳಕನ್ನು ಯಾರೂ ಮುಟ್ಟುವಂತಿರಲಿಲ್ಲ. ಬಹಳ ಹಿಂದೆ ಅಲ್ಲಿ ಹಾಸಿಗೆ ಹೊಲಿಯುವವಳ ಒಬ್ಬನೇ ಮಗ ತೊಟ್ಟಿಲಲ್ಲಿ ಜ್ವರದಿಂದ ಬೇಯುತ್ತಿದ್ದಾಗ, ಹರಸಿಕೊಳ್ಳಲು ಅವಳಲ್ಲಿ ಏನೂ ಇರಲಿಲ್ಲ. ಹತ್ತಿ ಗಿರಾಕಿಗಳದು, ಮನೆ ಇನ್ನೊಬ್ಬರದು. ತನ್ನದೆನ್ನಬಹುದಾದದ್ದು ಆ ಬಿಸಿಲೊಂದೇ. "ಇದು ನಿನಗೇ ಮೀಸಲು" ಎಂದು ದೇವರಿಗೆ ಕೈಮುಗಿದಳು. ಮಗು ಉಳಿಯಿತು. ಅಂದಿನಿಂದ ಅವಳು ಬೆಳಕಿನಿಂದ ಗೇಣು ದೂರ, ಮಬ್ಬಿನಲ್ಲೇ ಕುಳಿತು, ಕಣ್ಣು ಕಿರಿದಾಗಿಸಿ ಸೂಜಿಗೆ ದಾರ ಪೋಣಿಸಿದಳು. ಮಗನು ಬೆಳೆದು, ಮದುವೆಯಾಗಿ, ಆ ಬೆಳಕನ್ನು ತುಳಿಯದೆ ಸುತ್ತುಬಳಸಿ ನಡೆಯುವುದನ್ನು ಹೆಂಡತಿಗೂ ಕಲಿಸಿದನು.

ಈಗ ಆ ಸೊಸೆಯ ಹಸುಗೂಸಿನ ಮೈ ಹಳದಿಗಟ್ಟಿತ್ತು.

ಸೂಲಗಿತ್ತಿಯು ಕೂಸಿನ ರೆಪ್ಪೆ ಬಿಡಿಸಿ ನೋಡಿದಳು. "ಎಳೇ ಬಿಸಿಲಿಗೆ ಮಲಗಿಸಿ. ನಾಳೆಗೂ ಹಳದಿ ಇಳೀದಿದ್ರೆ ಆಸ್ಪತ್ರೇನೇ ಗತಿ. ಹೊರಗೆ ಕೊರೆಯೋ ಗಾಳಿ, ಒಯ್ಯಬೇಡಿ ಮತ್ತೆ. ಇಗೋ, ಮನೇಲೇ ಬಿದ್ದಿದೆಯಲ್ಲ ಬಿಸಿಲು!"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಸೂಜಿಯತ್ತ ಕಣ್ಣು ಹೊರಳಿಸಿದಳು.

"ಏನಜ್ಜಿ, ಬಿಸಿಲಿಗೂ ಬೀಗ ಹಾಕಿಟ್ಟಿದ್ದೀರಾ?" ಎಂದಳು ಸೂಲಗಿತ್ತಿ.

"ಸುಮ್ನಿರೇ ಬಾಯಿಬಡಕಿ. ಅದನ್ನ ಕೊಟ್ಟಿದ್ದಕ್ಕೇ ಇವಳ ಗಂಡ ಬದುಕಿರೋದು. ಈಗ ಹೋಗಿ ವಾಪಸ್ ಕೊಡು ಅನ್ಲಾ? ಅವನಿಗೆ ಏನಾದ್ರೂ ಆದ್ರೆ?"

"ಅತ್ತೆ, ಬೆಳಕು ಸರೀತಾ ಇದೆ," ಎಂದಳು ಸೊಸೆ. "ಅವರನ್ನ ಉಳಿಸ್ಕೊಂಡ್ರಿ ನೀವು. ನನಗೆ ನನ್ನ ಕೂಸು ಬೇಡ್ವಾ?"

ಮುದುಕಿ ಬೆಳಕಿನತ್ತ ತಿರುಗಿದಳು. ಇಷ್ಟು ಕಾಲ ಅದರ ಅಂಚನ್ನಷ್ಟೇ ಕಾಯ್ದಿದ್ದವಳು, ಇಂದು ಒಳಗನ್ನು ನೋಡಿದಳು. ಹತ್ತಿಯ ಎಳೆಯೊಂದು ಮಬ್ಬಿನಿಂದ ತೇಲಿಬಂದು ಬೆಳಕಿಗೆ ಬಿದ್ದಿತು. ಹೊನ್ನಾಗಿ ಹೊಳೆದು, ಆಚೆ ಬದಿಯಲ್ಲಿ ಮತ್ತೆ ಹತ್ತಿಯಾಗಿ ಹೊರಟುಹೋಯಿತು. ಅದರ ಹಿಂದೆ ಇನ್ನೊಂದು. ಅವು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಬೆಳಕು ಎಳ್ಳಷ್ಟೂ ಕುಂದಿರಲಿಲ್ಲ.

"ವಾಪಸ್ ಕೇಳಲ್ಲ," ಎಂದಳು ನಿಧಾನವಾಗಿ. "ಕೂಸನ್ನೂ ದೇವರಿಗೇ ಕೊಡ್ತೀನಿ. ತಾ ಇಲ್ಲಿ."

ಸೊಸೆ ಕೂಸನ್ನು ಎದೆಗವಚಿಕೊಂಡು ಹಿಂಜರಿದಳು. "ಕೊಟ್ಬಿಟ್ರೆ ನನಗೇನು ಉಳಿಯುತ್ತೆ?"

"ಅಯ್ಯೋ ಹುಚ್ಚಿ! ಬೆಳಕನ್ನೂ ಕೊಟ್ಟಿದ್ನಲ್ಲ, ಎಲ್ಲಿಗೆ ಹೋಯ್ತು? ದಿನಾ ನಮ್ಮನೆಗೇ ತಾನೇ ಬಂತು?"

ಸೊಸೆಯ ತೋಳು ಸಡಿಲಿತು. ಮುದುಕಿ ತಾನು ಹೊಲಿಯುತ್ತಿದ್ದ ಹಾಸಿಗೆಯನ್ನೇ ಬೆಳಕಿಗೆಳೆದು, ಬಟ್ಟೆ ಬಿಚ್ಚಿದ ಕೂಸನ್ನು ನೈವೇದ್ಯವಿಡುವಷ್ಟು ಮೆತ್ತಗೆ ಮಲಗಿಸಿ, ಅದರ ಕಣ್ಣಿಗೆ ಅಂಗೈ ಮರೆಮಾಡಿದಳು. ಮೈ ಬೆಚ್ಚಗಾದ ಕೂಸು ಕಾಲು ಝಾಡಿಸಿ, ಕಮಾನು ಕಟ್ಟಿದಂತೆ ಉಚ್ಚೆ ಹೊಯ್ದಿತು.

"ಆಯ್ತಲ್ಲಜ್ಜಿ ನಿಮ್ಮ ಮೀಸಲು!" ಸೂಲಗಿತ್ತಿ ಹೊಟ್ಟೆ ಹಿಡಿದು ನಕ್ಕಳು.

"ಒಣಗುತ್ತೆ ಬಿಡೇ, ಬಿಸಿಲಿದೆ," ಎಂದಳು ಮುದುಕಿ.

ಬೆಳಕು ಗೋಡೆಯತ್ತ ಸರಿಯುತ್ತಿತ್ತು. ಅತ್ತೆ ಒಂದು ತುದಿ, ಸೊಸೆ ಇನ್ನೊಂದು ತುದಿ ಹಿಡಿದು, ಕೂಸು ಬೆಚ್ಚದಂತೆ, ಹಾಸಿಗೆಯನ್ನು ಬೆಳಕಿನ ಹಿಂದೆ ಒಂದೊಂದೇ ಬೆರಳಗಲ ಎಳೆಯುತ್ತ ಹೋದರು.