ಹೊಲದಲ್ಲಿ ಉಳಿಸಿದ ಕಬ್ಬು

ನಮ್ಮ ಅತನೂರಿನಲ್ಲಿ ಕಬ್ಬಿನ ಕಟಾವು ಆರಂಭವಾಯಿತೆಂದರೆ ರಸ್ತೆ ಮನುಷ್ಯರದಾಗಿ ಉಳಿಯುವುದಿಲ್ಲ. ಜೋಡಿ ಟ್ರಾಲಿಯ ಟ್ರ್ಯಾಕ್ಟರ್ ಬಂದರೆ ನಡೆಯುವವರು ಜಾಲಿ ಕಂಟಿಯೊಳಗೆ ಸರಿದು ನಿಲ್ಲಬೇಕು. ಕಳೆದ ವರ್ಷ ನನ್ನ ಸೊಸೆ ಭಾಗ್ಯಜ್ಯೋತಿಗೆ ಸರಿಯಲು ಜಾಗ ಸಿಗಲಿಲ್ಲ. ಟ್ರಾಲಿಯಿಂದ ಹೊರಚಾಚಿದ್ದ ಕಬ್ಬು ಅವಳ ಸ್ಕೂಟರಿಗೆ ತಗುಲಿತು. ಶಿವನ ಪಾದ ಸೇರಿದಳು. ಈಗ ಮನೆಯ ಮುಂದೆ ಟ್ರ್ಯಾಕ್ಟರಿನ ಸದ್ದು ಕೇಳಿದರೆ ನನ್ನ ಪೂಜೆ ನಿಂತುಹೋಗುತ್ತದೆ. ಆ ಸದ್ದು ದೂರವಾಗುವವರೆಗೆ ಮಂತ್ರ ನೆನಪಿಗೆ ಬರುವುದಿಲ್ಲ.

ಈ ಸಲ ನೆರೆಮನೆಯ ಜಗದೇವಪ್ಪನ ಕಟಾವು ಮುಗಿಯುವ ದಿನ ನನಗೆ ಕರೆ ಬಂತು. ನಮ್ಮಲ್ಲಿ ಒಂದು ರೂಢಿ ಇದೆ. ಕಡೆಯ ಲೋಡು ಹೊರಡುವಾಗ ಓಣಿಯ ಹಿರಿಯರು ಟ್ರ್ಯಾಕ್ಟರಿಗೆ ವಿಭೂತಿ ಹಚ್ಚಬೇಕು. ಕಡಿದ ಕಬ್ಬು ಒಂದು ಗಳವೂ ಹೊಲದಲ್ಲಿ ಉಳಿಯಬಾರದು, ಉಳಿದರೆ ಲಕ್ಷ್ಮಿ ಮನೆಗೆ ಬರುವುದಿಲ್ಲ ಎಂಬ ನಂಬಿಕೆ. ಹೀಗಾಗಿ ಎರಡು ಲೋಡಿನ ಕಬ್ಬು ಒಂದೇ ಲೋಡಿಗೆ ಏರುತ್ತದೆ.

ನಾನು ಹೋದಾಗ ಕಬ್ಬು ಎರಡೂ ಬದಿಗೆ ಮೊಳದಷ್ಟು ಹೊರಚಾಚಿತ್ತು. ಡ್ರೈವರ್ ಇಸ್ಮಾಯಿಲ ಗಾಲಿಯ ಬಳಿ ಕುಳಿತಿದ್ದ.

“ಮಾಲಕ್ರ, ಮುಂದಿನ ಗಾಲಿ ನೆಲಾ ಹಿಡಿಯಾಕ ಒಲ್ಲವು. ಹಳ್ಳದ ಇಳಿಜಾರದಾಗ ನಾ ಬ್ರೇಕ್ ಒತ್ತಿದ್ರ ಹಿಂದಿನ ಟ್ರಾಲಿ ಕೇಳಂಗಿಲ್ರಿ.”

“ನೀ ಡ್ರೈವರ್ ಏನ್ಲೇ, ಹೊಸಾ ಅಳಿಯಾ ಏನ್ಲೇ? ಹಿಂಗ್ಯಾಕ ಅಂಜಾಕತ್ತಿ?” ಎಂದು ಜಗದೇವಪ್ಪ ನಕ್ಕ.

“ಹೊಸಾ ಅಳಿಯಾಗ ಊಟಾನರ ಛಲೋ ಹಾಕ್ತಾರ್ರಿ,” ಎಂದ ಇಸ್ಮಾಯಿಲ. ಅವನು ಮಾತ್ರ ನಗಲಿಲ್ಲ.

ಅಷ್ಟರಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆ ಪಂಚಶೀಲಾ ಹೊಲದ ಹಾದಿಯಲ್ಲಿ ಬಂದಳು.

“ಕಾಕಾ, ಇದು ಲೋಡೋ, ಗುಮ್ಮಟೋ? ಗಾಡಿ ಆರ್.ಸಿ. ಬುಕ್ಕಿನಾಗ ಎಷ್ಟು ತೂಕ ಬರದದ, ನೋಡೀರೇನು?”

“ನಮ್ಮನ್ನ ತೂಗಾಂವ ಯಾರವ್ವ? ಮೊನ್ನೆ ಗ್ರಾಮಸಭಾದಾಗ ಸರಕಾರದ ತಪಾಸಣಿ ವರದಿ ನೀನೇ ಓದಿದಿ. ಹೆದ್ದಾರಿ ಮ್ಯಾಲ ಲಾರಿ ತೂಗ್ಯಾರ, ದಂಡಾ ಹಾಕ್ಯಾರ. ನಮ್ಮ ಫ್ಯಾಕ್ಟರಿ ಹಾದಿ ಅದರಾಗ ಎಲ್ಲಿ ಅದ?”

“ಇಲ್ರಿ. ಅದಕ್ಕ ನನಗ ಹೆಚ್ಚಿನ ಅಂಜಿಕಿ. ವರದ್ಯಾಗ ಬರಲಿಲ್ಲಂದ್ರ ತೂಕ ಕಡಿಮಿ ಆಗ್ತದೇನು? ಗಾಲಿಗೆ ಗೊತ್ತಾಗ್ತದ, ಸೇತುವಿಗೆ ಗೊತ್ತಾಗ್ತದ. ಆರ್.ಸಿ.ದಾಗ ಬರದಷ್ಟು ತೂಕ ದಾಟಬಾರ್ದು, ಕಬ್ಬು ಟ್ರಾಲಿ ಬಾಜೂ ದಾಟಬಾರ್ದು. ಹಿಂದಿನ ರಿಫ್ಲೆಕ್ಟರ್ ಅಂತೂ ಪೂರಾ ಮುಚ್ಚೇ ಹೋಗ್ಯದ.”

“ಕಬ್ಬು ಹೊಲದಾಗ ಬಿಟ್ರ ಲಕ್ಷ್ಮಿ ಮುನೀತಾಳ,” ಎಂದು ಜಗದೇವಪ್ಪ ನನ್ನ ಕಡೆ ತಿರುಗಿದ. “ಮುತ್ಯಾ, ವಿಭೂತಿ ಹಚ್ರಿ. ಹೊತ್ತು ಮುಣಗಾಕತ್ತದ.”

ಬೆರಳಿಗೆ ವಿಭೂತಿ ತೆಗೆದುಕೊಂಡೆ. ಕೈ ಮುಂದೆ ಹೋಗಲಿಲ್ಲ. ಹೊರಚಾಚಿದ ಕಬ್ಬಿನ ತುದಿ ನನ್ನ ಹೆಗಲನ್ನು ಮುಟ್ಟುತ್ತಿತ್ತು.

“ಜಗದೇವಾ, ನಮ್ಮ ಭಾಗ್ಯಾನ್ನ ಒಯ್ದದ್ದೂ ಯಾರದೋ ಕಡೀ ಲೋಡು. ಅದಕ್ಕೂ ಯಾರೋ ಹಿರಿಯಾ ವಿಭೂತಿ ಹಚ್ಚೇ ಕಳಿಸಿದ್ದ. ವಿಭೂತಿ ಬ್ರೇಕ್ ಆಗಲಿಲ್ಲಪ್ಪಾ.”

ಆರತಿ ತಟ್ಟೆ ಹಿಡಿದು ನಿಂತಿದ್ದ ಜಗದೇವಪ್ಪನ ಹೆಂಡತಿ ಹೀರಾಬಾಯಿ ರಸ್ತೆಯ ಕಡೆ ನೋಡಿದಳು.

“ನಮ್ಮ ಮಗಳು ಬಸವೇಶ್ವರಿ ಈಗ ಅಫಜಲಪುರದಿಂದ ಸ್ಕೂಟರ್ ಮ್ಯಾಲ ಹೊಂಟಿರತಾಳ. ಆಕೀದೂ ಇದೇ ಹಾದಿ.”

ಜಗದೇವಪ್ಪ ಇಳಿಜಾರಿನ ಕಡೆ ಒಮ್ಮೆ ನೋಡಿದ. ಟ್ರಾಲಿ ಹತ್ತಿ, ತಾನೇ ಹಗ್ಗ ಬಿಚ್ಚಿದ.

ಟ್ರಾಲಿಯ ಬದಿಗಳು ಕಾಣುವವರೆಗೆ ಕಬ್ಬು ಇಳಿಸಿದರು. ಮೇಲಿನಿಂದಲೂ ಇಳಿಸಿದರು. ಇಸ್ಮಾಯಿಲ ರಿಫ್ಲೆಕ್ಟರನ್ನು ಹೆಗಲ ವಸ್ತ್ರದಿಂದ ಒರೆಸಿದ. ಹೀರಾಬಾಯಿ ಹೊಲದಲ್ಲಿ ಉಳಿದ ರಾಶಿಗೆ ಮೊದಲು ಕುಂಕುಮ ಹಚ್ಚಿದಳು. “ಲಕ್ಷ್ಮವ್ವ, ಇವತ್ತ ಇಲ್ಲೇ ವಸ್ತಿ ಇರು ತಾಯಿ. ನಾಳಿ ಕರಕೊಂಡು ಹೋಗ್ತೇವಿ.”

ಆಗ ನಾನು ಟ್ರ್ಯಾಕ್ಟರಿಗೆ ವಿಭೂತಿ ಹಚ್ಚಿದೆ. ಅದು ಇಳಿಜಾರಿಗೆ ಇಳಿಯುವಾಗ ನಾನು ಹಿಂದಿನ ಟ್ರಾಲಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಕೆಳಗಿನಿಂದ ಒಂದು ಸ್ಕೂಟರಿನ ಬೆಳಕು ಏರಿ ಬಂತು. ಟ್ರ್ಯಾಕ್ಟರಿನ ಪಕ್ಕದಲ್ಲಿ ಅದಕ್ಕೆ ಹಾದಿ ಇತ್ತು.

ಅಣ್ಣಂದಿರೇ, ತಾಯಂದಿರೇ, ಅಫಜಲಪುರವಾಗಲಿ, ಆಳಂದವಾಗಲಿ, ಜೇವರ್ಗಿಯಾಗಲಿ, ನಿಮ್ಮ ಲೋಡು ಹೊರಡುವ ಮುಂಚೆ ಅದರ ಬದಿಯಲ್ಲಿ ನಿಂತು ನೋಡಿರಿ. ನಿಮ್ಮ ಹಾದಿಯಲ್ಲೂ ತಪಾಸಣೆ ಆಗಲಿ ಎಂದು ಗ್ರಾಮಸಭೆಯಲ್ಲಿ ಕೇಳಿರಿ, ಅದರ ವರದಿಯನ್ನು ಓದಿಸಿರಿ. ಆದರೆ ತಪಾಸಣೆ ಬರಲೆಂದು ಕಾಯಬೇಡಿರಿ. ಹೆಚ್ಚಾದುದನ್ನು ಇಂದೇ ಇಳಿಸಿರಿ. ಹೊಲದಲ್ಲಿ ಉಳಿದ ಕಬ್ಬನ್ನು ಮರುದಿನ ತರಬಹುದು.