ಅರ್ಧ ಇಂಚಿನ ಕಾರಣ

ಹಿರೇಹಳ್ಳಿಯ ಒಂದು ಸಣ್ಣ ಹೊಲಿಗೆ ಕಾರ್ಖಾನೆಯಲ್ಲಿ ಶಶಿರೇಖಾ ಬರೆದ ಪ್ರೋಗ್ರಾಮು ಇತ್ತು. ಮೈಯಳತೆ ಕೊಟ್ಟರೆ ರವಿಕೆಯ ಕಟಿಂಗ್ ನಕ್ಷೆ ಬಿಡಿಸಿಕೊಡುತ್ತಿತ್ತು. ಬರೆದವಳು ಅವಳಾದರೂ ವಿದ್ಯೆ ಕಟಿಂಗ್ ಮಾಸ್ಟರ್ ಸೈಫುಲ್ಲಾ ಅವರದು. ನಾಲ್ಕು ವರ್ಷ ಅವರ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರು ಹೇಳಿದ ಒಂದೊಂದು ಅಳತೆಯನ್ನೂ ಕೋಡ್‌ಗೆ ಇಳಿಸಿದ್ದಳು. ಪಕ್ಕದಲ್ಲೇ ಅದರ ಕಾರಣವನ್ನೂ ಅವರು ಆಡಿದ ಹಾಗೇ ಟೈಪು ಮಾಡುತ್ತಿದ್ದಳು. "ಈಯಮ್ಮಂಗೆ ಎಡಭುಜ ತಗ್ಗು, ನೀರು ಹೊತ್ತೂ ಹೊತ್ತೂ. ಒಳಗೆ ಒಂದು ಪದರ ಬಟ್ಟೆ ಜಾಸ್ತಿ ಕೊಡಿ. ಬಾಯಿಬಿಟ್ಟು ಹೇಳ್ಬೇಡಿ." ಕಂಪ್ಯೂಟರಿಗೆ ಆ ಸಾಲುಗಳು ಬೇಕಿರಲಿಲ್ಲ, ಮುಂದೆ ಓದುವವರಿಗಾಗಿ ಇದ್ದವು.

ಮಾಸ್ಟರು ವಯಸ್ಸಾಗಿ ಕೆಲಸ ಬಿಟ್ಟು ತಮ್ಮೂರು ಗುಬ್ಬಿಗೆ ಹೋದರು. 2008ರಲ್ಲಿ ಮಾಲೀಕ ಗಂಗರಾಜು ಅಂದರು: "ನಾವೊಬ್ರೇ ಇಟ್ಕೊಂಡು ಏನ್ ಮಾಡೋಣ ರೇಖಾ? ಇಂಟರ್ನೆಟ್ಟಿಗೆ ಹಾಕ್ಬಿಡು. ಕುಣಿಗಲ್ ದರ್ಜಿಗೂ ಸಿಗ್ಲಿ, ತಿದ್ದೋರು ತಿದ್ಲಿ."

ಅವಳಿಗೂ ಖುಷಿಯೇ. ಆದರೆ ಹಾಕುವ ಮುಂಚೆ ಕಣ್ಣಾಡಿಸಿದಾಗ ನಾಚಿಕೆಯಾಯಿತು. ದೇಶವಿದೇಶದವರು ನೋಡುವ ಕಡೆ ಈಯಮ್ಮ, ಆಯಮ್ಮ, ನೀರಿನ ಬಿಂದಿಗೆ! ನೆಂಟರು ಬರುವ ಹೊತ್ತಿಗೆ ಒಗೆಯದ ಬಟ್ಟೆಯನ್ನು ಮಂಚದ ಕೆಳಗೆ ತಳ್ಳುವ ಹಾಗೆ, ನೂರನಲವತ್ತು ಟಿಪ್ಪಣಿಗಳನ್ನೂ ಒಂದೇ ಮಧ್ಯಾಹ್ನ ಅಳಿಸಿದಳು. ಹಳೆಯ ಆವೃತ್ತಿಗಳಿದ್ದ ಕಂಪ್ಯೂಟರನ್ನೂ ಖಾಲಿ ಮಾಡಿ ಸ್ಟೋರಿನವರಿಗೆ ಕೊಟ್ಟಳು. ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ.

ಕೆಲವು ವಾರಕ್ಕೆ ಎಲ್ಲಿಂದಲೋ ಒಬ್ಬರು ಬರೆದರು: "ಐವತ್ತು ದಾಟಿದವರ ಬೆನ್ನಿನ ಉದ್ದಕ್ಕೆ ಅರ್ಧ ಇಂಚು ಸೇರಿಸಿದ್ದೀರಿ. ಕಾರಣ ಕಾಣಲಿಲ್ಲ. ತೆಗೆಯಬಹುದೇ?"

ವಿನಯದಿಂದಲೇ ಕೇಳಿದ್ದರು. ಶಶಿರೇಖಾ ಎರಡು ದಿನ ಯೋಚಿಸಿದಳು, ನೆನಪಾಗಲಿಲ್ಲ. ತನಗೇ ಗೊತ್ತಿಲ್ಲ ಎನ್ನಲು ಸಂಕೋಚವಾಗಿ, ತೆಗೆಯಿರಿ ಎಂದು ಉತ್ತರಿಸಿದಳು. ಕಾರ್ಖಾನೆಯ ಪ್ರೋಗ್ರಾಮಿನಿಂದಲೂ ಅದು ಹೋಯಿತು.

ಕಾರ್ಖಾನೆಯ ಕಸ ಗುಡಿಸುವ ಪುಟ್ಟಗಂಗಮ್ಮ ಮೊಮ್ಮಗಳ ನಾಮಕರಣಕ್ಕೆ ಅಲ್ಲೇ ಹೊಸ ರವಿಕೆ ಹೊಲಿಸಿದಳು. ಬಗ್ಗಿದರೆ ಬೆನ್ನಿನಲ್ಲಿ ಮೇಲಕ್ಕೆ ಜಗ್ಗುತ್ತಿತ್ತು. "ಹಳೇವು ಹಿಂಗಿರ್ನಿಲ್ಲ ಕಣವ್ವ," ಎಂದಳು. "ನಾನೇ ದಪ್ಪ ಆಗಿವ್ನೇನೋ, ಬುಡು."

ಆ ಮಾತಿಗಿಂತ ಅವಳು ಬೈದಿದ್ದರೇ ಚೆನ್ನಾಗಿತ್ತು. ಮಾರನೇ ದಿನ ಶಶಿರೇಖಾ ಗುಬ್ಬಿ ಬಸ್ಸು ಹತ್ತಿದಳು.

ಮಾಸ್ಟರು ಜಗಲಿಯಲ್ಲೇ ಕೂತಿದ್ದರು. ನಡೆದದ್ದನ್ನೆಲ್ಲ ಕೇಳಿ, "ನೀನೇ ಬರ್ಕೊಂಡಿದ್ಯಲ್ಲ ರೇಖಮ್ಮ," ಎಂದರು. ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

"ಅಳಿಸಿಬಿಟ್ಟೆ ಮಾಸ್ಟ್ರೇ."

ಅವರು, "ಬಾಯಲ್ಲಿ ಕೇಳಿದ್ರೆ ಬರಲ್ಲಮ್ಮ. ಮೈ ಎದುರಿಗಿದ್ರೆ ಕೈಗೆ ಗೊತ್ತಾಗೋದು," ಎಂದರು. ಟೇಪು ತಂದು ಹೆಂಡತಿ ಕುಲ್ಸುಂ ಬೀಯನ್ನು ಕರೆದರು.

"ಈ ವಯಸ್ಸಲ್ಲಿ ನನ್ನ ಬೆನ್ನೇ ಬೇಕಾಯ್ತಾ ನಿಮ್ಗೆ?" ಎನ್ನುತ್ತ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

ಮಾಸ್ಟರ ಟೇಪು ಅಲ್ಲೇ ನಿಂತಿತು. "ನೋಡಿದ್ಯಾ? ಅಳತೆ ಅಂದ್ರೆ ವಯಸ್ಸಾದೋರೆಲ್ಲ ಹಿಂಗೇ ನೆಟ್ಟಗಾಗ್ತಾರೆ, ಮರ್ಯಾದೆಗೆ. ಮನೆಗೆ ಹೋಗಿ ಕೆಲ್ಸಕ್ಕೆ ಬಗ್ಗಿದ್ರೆ ಅಸ್ಲಿ ಬೆನ್ನು. ಆ ಅರ್ಧ ಇಂಚು ಅದಕ್ಕೆ."

ಅವಳು ಗಡಿಬಿಡಿಯಿಂದ ಬರೆದುಕೊಂಡಳು. ಆಸೆಯಾಗಿ, "ತೋಳಿನ ಕೆಳಗೆ ಒಂದು ಕಾಲಿಂಚು ಇದೆಯಲ್ಲ, ಅದು?" ಎಂದು ಕೇಳಿದಳು.

"ಅದು ಯಾರಿಗೆ ಮಾಡಿದ್ದು? ಹೆಸ್ರು ಹೇಳು, ಆಯಮ್ಮನ್ನ ನೆನೆಸ್ಕೊಂಡು ಹೇಳ್ತೀನಿ."

ಹೆಸರು ತಾನು ಅಳಿಸಿದ ಸಾಲಿನಲ್ಲೇ ಇತ್ತು. ಶಶಿರೇಖಾ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. ಕುಲ್ಸುಂ ಬೀ ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಅರ್ಧ ಇಂಚು ತನ್ನ ಜಾಗಕ್ಕೆ ವಾಪಸು ಬಂತು, ಮಾಸ್ಟರ ಹೆಸರಿನ ಜೊತೆಗೆ. ಉಳಿದ ಅಳತೆಗಳ ಬಗ್ಗೆ ಯಾರಾದರೂ ಕೇಳಿದರೆ ಅವಳು ಈಗ ಸಂಕೋಚಪಡುವುದಿಲ್ಲ. ಕಾರಣವಿತ್ತು, ನಾನೇ ಅಳಿಸಿದೆ, ದಯವಿಟ್ಟು ತೆಗೆಯಬೇಡಿ ಎಂದು ಬರೆಯುತ್ತಾಳೆ. ಕೆಲವರು ಒಪ್ಪುತ್ತಾರೆ.