ಇಳಿಯದೇ ಉಳಿದ ತೂಕ

ನಾನು ಒಂದು ಹಾಯಿದೋಣಿ. ನನ್ನ ಮೂತಿಯ ಎರಡೂ ಕಡೆ ನೀಲಿ ಬಣ್ಣದಲ್ಲಿ ಏನೋ ಬರೆದಿದ್ದಾರೆ. ಅದು ನನ್ನ ಹೆಸರಂತೆ. ನನಗೆ ಓದಲು ಬರುವುದಿಲ್ಲ. ತೂಕ ಮಾತ್ರ ಗೊತ್ತಾಗುತ್ತದೆ. ಯಾರು ಹತ್ತಿದರೂ ಅವರು ಎಷ್ಟು ಭಾರ, ನೀರಿಗೆ ಅಂಜುವವರೋ ಅಲ್ಲವೋ, ಯಾವ ಮೊಣಕಾಲು ನೋಯುತ್ತದೆ, ಇದೆಲ್ಲ ಅವರು ಬಾಯಿ ಬಿಡುವ ಮೊದಲೇ ನನಗೆ ತಿಳಿಯುತ್ತದೆ.

ಗ್ರೀಸ್ ದೇಶದ ಒಂದು ಚಿಕ್ಕ ದ್ವೀಪದಲ್ಲಿ ಅಪ್ಪ ಮಗ ಇಬ್ಬರು ಬಡಗಿಗಳು ಎರಡು ಚಳಿಗಾಲ ಕೂತು ನನ್ನನ್ನು ಕಟ್ಟಿದರು. ಪೈನ್ ಮರ. ಪಕ್ಕೆಲುಬಿಗೆ ತಾನಾಗಿ ಬಾಗಿ ಬೆಳೆದ ಮರವನ್ನೇ ಗುಡ್ಡದಲ್ಲಿ ಹುಡುಕಿ ತಂದರು. ನೀರಿಗೆ ಇಳಿಸಿದ ದಿನ ನನಗೆ ಚಳಿಯಾಯಿತು. ಅದಾದ ಮೇಲೆ ಅರವತ್ತು ವರ್ಷ ನೀರಲ್ಲೇ ಕಳೆದೆ.

ಮೊದಲ ಯಜಮಾನ ಮನೋಲಿಸ್ ಎಂಬ ಮೀನುಗಾರ. ಕಡಿಮೆ ಮಾತಿನವನು. ಅವನದೊಂದು ಕಟ್ಟಳೆ ಇತ್ತು: ದೋಣಿಯಲ್ಲಿರುವ ಜನರನ್ನು ಎಣಿಸಬಾರದು. ಎಣಿಸಿದರೆ ಸಮುದ್ರವೂ ಕೇಳಿಸಿಕೊಂಡು ಎಣಿಸುತ್ತದೆ ಎಂದು ಅವನ ನಂಬಿಕೆ. ಅದಕ್ಕೆ ಹಾಯಿಗಂಬದ ಹತ್ತಿರ ಒಂದು ಪಟ್ಟಿ ಹೊಡೆದು ಮೊಳೆ ಬಡಿದಿದ್ದ. ದೋಣಿ ಬಿಟ್ಟು ದಡಕ್ಕೆ ಇಳಿಯುವವರು ತಮ್ಮ ತಗಡಿನ ಲೋಟವನ್ನು ಮೊಳೆಗೆ ನೇತುಹಾಕಬೇಕು, ಮರಳಿ ಬಂದಾಗ ತೆಗೆದುಕೊಳ್ಳಬೇಕು. ಮೊಳೆಗಳು ಖಾಲಿ ಆದರೆ ಎಲ್ಲರೂ ಬಂದರು ಅಂತ.

ಮನೋಲಿಸ್‌ಗೆ ಕಣ್ಣು ಮಂದವಾದಾಗ ನನ್ನನ್ನು ಒಬ್ಬ ವ್ಯಾಪಾರಿಗೆ ಕೊಟ್ಟ. ಅವನು ನನ್ನಲ್ಲಿ ಕಲ್ಲಂಗಡಿ ಸಾಗಿಸಿದ, ಮೇಕೆ ಸಾಗಿಸಿದ, ಒಮ್ಮೆ ಒಬ್ಬ ಮದುಮಗಳನ್ನು ಅವಳ ಮಂಚ ಕನ್ನಡಿ ಸಮೇತ ಸಾಗಿಸಿದ. ಆಮೇಲೆ ಮನೋಲಿಸ್‌ನ ಮಗ ಸ್ತ್ರಾತಿಸ್ ನನ್ನನ್ನು ವಾಪಸು ಕೊಂಡ. ಮೀನು ಕಡಿಮೆಯಾಗಿತ್ತು. ಪ್ರವಾಸಿಗರು ಹೆಚ್ಚಾಗಿದ್ದರು. ದಿನಕ್ಕೆ ಆರೇ ಜನರನ್ನು ಕರೆದುಕೊಂಡು ಹೋಗಿ, ಒಂದು ಕೊಲ್ಲಿಯಲ್ಲಿ ಈಜಿಸಿ, ಇನ್ನೊಂದು ಕೊಲ್ಲಿಯಲ್ಲಿ ಊಟ ಹಾಕಿ, ವೈನ್ ಕುಡಿಸಿ, ಸಂಜೆಗೆ ಬಂದರಿಗೆ ತಂದು ಬಿಡುವುದು ನಮ್ಮ ಕೆಲಸವಾಯಿತು. ಅಪ್ಪನ ಲೋಟಗಳನ್ನೂ ಕಟ್ಟಳೆಯನ್ನೂ ಸ್ತ್ರಾತಿಸ್ ಹಾಗೇ ಇಟ್ಟುಕೊಂಡ; ಅತಿಥಿಗಳು ವೈನ್ ಕುಡಿಯುವುದೂ ಅದೇ ಲೋಟದಲ್ಲಿ.

ಅಡುಗೆಗೂ ಹಗ್ಗಕ್ಕೂ ಶೀನ ಬಂದ. ಕುಂದಾಪುರದ ಕಡೆಯ ಮೊಗವೀರ. ಯಾವುದೋ ಹಡಗಿನಲ್ಲಿ ಬಂದವನು ಕಾಯಿಲೆ ಬಿದ್ದು ಈ ದ್ವೀಪದಲ್ಲಿ ಇಳಿದು, ಇಲ್ಲೇ ಉಳಿದ. ಹತ್ತೊಂಬತ್ತು ವರ್ಷ ನನ್ನ ಹಲಗೆ ತಿಕ್ಕುತ್ತ ಒಬ್ಬನೇ ಮಾತಾಡುತ್ತಿದ್ದ. ನನಗೆ ಕನ್ನಡ ಬಂದದ್ದು ಹಾಗೆ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ದಾವಣಗೆರೆಯಿಂದ ನಾಲ್ಕು ಜನ ಬಂದರು. ಜೊತೆಗೆ ಮಾತಿಲ್ಲದ ಒಂದು ಡಚ್ ಜೋಡಿ. ದಾವಣಗೆರೆಯವರಲ್ಲಿ ಹಿರಿಯರು ಮುರಿಗೆಪ್ಪ, ಅವರ ಹೆಂಡತಿ ಸರ್ವಮಂಗಳಮ್ಮ. ಆಕೆಯ ತಂಗಿ ನೀಲಮ್ಮ ಮತ್ತು ತಂಗಿಯ ಗಂಡ. ಕನ್ನಡ ಕೇಳಿ ಶೀನನ ಕಾಲು ನೆಲಕ್ಕೆ ನಿಲ್ಲಲಿಲ್ಲ.

"ಹ್ವಾಯ್, ಬನಿ ಬನಿ. ಕೂಕಣಿ. ನಿಮ್ಗ್ ಮೀನ್ ಆತಿಲ್ಲೆ ಅಲ್ದಾ? ಬೇರೆ ಮಾಡ್ತೆ."

"ಖಾರ ಐತೇನಪ್ಪ ನಿನ್ನತ್ರ?" ಎಂದರು ಮುರಿಗೆಪ್ಪ.

"ಖಾರ ಒಂದ್ ಕೇಣ್ಬೇಡಿ ಮಾರಾಯ್ರೆ. ಇವ್ರಿಗೆ ಕರಿಮೆಣಸೇ ಖಾರ."

ಮುರಿಗೆಪ್ಪ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಸ್ತ್ರಾತಿಸ್‌ನ ಬಿಳಿ ಗಿಣ್ಣಿನ ಮೇಲೆ ಉದುರಿಸಿ ಅವನ ಬಾಯಿಗೇ ಕೊಟ್ಟರು. ಸ್ತ್ರಾತಿಸ್ ಕೆಮ್ಮಿ ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಇನ್ನೊಂದು ಚೂರಿಗೆ ಕೈ ಚಾಚಿದ. ಎಲ್ಲರೂ ನಕ್ಕರು. ಸರ್ವಮಂಗಳಮ್ಮ ಮಾತ್ರ ಏನೂ ಮುಟ್ಟಲಿಲ್ಲ. ಲಿಂಗಪೂಜೆ ಆಗದೆ ಆಕೆ ಬಾಯಿಗೆ ನೀರೂ ಹಾಕುವವರಲ್ಲ. ತೂಕ ಕಡಿಮೆ. ಹೆಜ್ಜೆ ಇಡುವ ಮುಂಚೆ ನನ್ನನ್ನು ಕೇಳಿಯೇ ಇಡುವಂತೆ ಇಡುತ್ತಿದ್ದರು.

ಮೊದಲ ಕೊಲ್ಲಿಯಲ್ಲಿ ಬೆಣಚುಕಲ್ಲಿನ ಸಣ್ಣ ದಡ. ಒಂದು ಪುಟ್ಟ ಬಿಳಿ ಗುಡಿ. ಹಿಂದೆ ಗೋಡೆಯಂಥ ಬಂಡೆ, ಮೇಲೆ ಹೋಗಲು ದಾರಿಯಿಲ್ಲ. ಸ್ತ್ರಾತಿಸ್ ಮೊದಲೇ ಹೇಳಿದ್ದ: ಬಡಗಣ ಗಾಳಿ ಎದ್ದರೆ ಈ ದಡವನ್ನು ಅಲೆ ಪೂರ್ತಿ ನುಂಗುತ್ತದೆ, ಕರೆದ ಕೂಡಲೇ ಬಂದುಬಿಡಿ. ಶೀನ ಅದನ್ನು ಕನ್ನಡದಲ್ಲಿ ಎರಡು ಸಲ ಹೇಳಿದ. ನನ್ನ ಮೂತಿಯಿಂದ ದಡಕ್ಕೆ ಹಲಗೆ ಹಾಸಿದರು. ಆರು ಲೋಟ ಮೊಳೆಗೆ ಬಿದ್ದವು. ಆರು ಜನ ಇಳಿದರು.

ಸ್ವಲ್ಪ ಹೊತ್ತಿಗೆ ಸರ್ವಮಂಗಳಮ್ಮ ಸ್ನಾನ ಮಾಡಿ, ಒಣಬಟ್ಟೆ ಉಟ್ಟು, ತಂಗಿಗೆ ಹೇಳಿದ್ದು ನನಗೆ ಕೇಳಿಸಿತು.

"ನಾನು ದೋಣ್ಯಾಗಿನ ಕ್ವಾಣ್ಯಾಗೆ ಪೂಜೆಗೆ ಕುಂದ್ರತೀನಿ ನೀಲಾ. ಯಾರೂ ಮಾತಾಡಿಸಬ್ಯಾಡ್ರಿ."

ಅಷ್ಟು ಹೇಳಿದ ಮೇಲೆ ಆಕೆ ಗುಡಿಯ ಹಿಂದೆ ನೆರಳಲ್ಲಿ ಒಂದು ಚಪ್ಪಟೆ ಕಲ್ಲು ಕಂಡರು. ತಣ್ಣಗಿತ್ತು. ಅಲ್ಲೇ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರು. ಇದು ನನಗೆ ಆಮೇಲೆ ತಿಳಿದದ್ದು.

ಗಾಳಿ ಎದ್ದಿತು. ಸ್ತ್ರಾತಿಸ್ ಕೂಗಿದ. ಡಚ್ಚರು ಬಂದರು, ನೀಲಮ್ಮ ಮತ್ತು ಗಂಡ ಬಂದರು, ಮುರಿಗೆಪ್ಪ ಬಂದರು. ಅವರು ಮೊಳೆಯಿಂದ ಎರಡು ಲೋಟ ತೆಗೆದರು. ಒಂದು ತಮ್ಮದು, ಒಂದು ಹೆಂಡತಿಯದು. ಊರಲ್ಲಿ ಅವರು ಕುಡಿಯುವವರಲ್ಲ. ಬೆಳಿಗ್ಗೆ ಹೆಂಡತಿಯೇ ನಗುತ್ತ ಹೇಳಿದ್ದರು: "ನನ್ನ ಪಾಲಿಂದೂ ನೀವಾ ಕುಡೀರಿ. ಇಲ್ಲಿ ಯಾರು ನೋಡ್ತಾರ?"

ಮೊಳೆಗಳು ಖಾಲಿಯಾದವು. ಸ್ತ್ರಾತಿಸ್ ನೋಡಿದ. ಲಂಗರು ಎತ್ತಿದ.

ತಪ್ಪು ಅವನೊಬ್ಬನದು ಎಂದು ನಾನು ಹೇಳಲಾರೆ. ಹಲಗೆ ತೆಗೆಯುವ ಮುಂಚೆ ಒಂದು ಒದ್ದೆ ಹೆಜ್ಜೆ ಮೆಲ್ಲಗೆ ನನ್ನ ಮೇಲೆ ಬಂತು. ಕಡಿಮೆ ತೂಕ, ನನ್ನನ್ನು ಕೇಳಿಯೇ ಇಟ್ಟಂಥ ಹೆಜ್ಜೆ. ಮೂರು ಮೆಟ್ಟಿಲು ಇಳಿದು ಕೋಣೆಯೊಳಗೆ ಹೋಗಿ ಕೂತಿತು. ನನ್ನ ಮೇಲೆ ಆರು ಜನ ಅತಿಥಿಗಳ ತೂಕ ಇತ್ತು.

ಭೂಶಿರ ಸುತ್ತಿ ಎರಡನೇ ಕೊಲ್ಲಿಗೆ ಬಂದೆವು. ಅಲ್ಲಿ ಗಾಳಿಯಿಲ್ಲ. ಶೀನ ಊಟ ಬಡಿಸಿದ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದು, ಟೊಮೆಟೊದಲ್ಲಿ ಬೆಂದ ದಪ್ಪ ಬಿಳಿ ಕಾಳು, ಸೌತೆಕಾಯಿ ಹಾಕಿದ ಗಟ್ಟಿ ಮೊಸರು, ಆಲಿವ್, ರೊಟ್ಟಿ. ಡಚ್ಚರಿಗೆ ಸುಟ್ಟ ಅಷ್ಟಪಾದಿ.

"ಇದ್ ಕಾಣಿ, ನಮ್ಮ ಬದಿ ಪತ್ರೊಡೆಗ್ ತಮ್ಮ," ಎಂದ ಶೀನ ಎಲೆಸುತ್ತು ತೋರಿಸಿ.

"ತಮ್ಮ ಸಪ್ಪಗೈದಾನ," ಎಂದರು ಮುರಿಗೆಪ್ಪ, ಚಟ್ನಿಪುಡಿ ಹಚ್ಚಿಕೊಳ್ಳುತ್ತ.

"ಅಕ್ಕ ಇನ್ನೂ ಬರಲಿಲ್ಲಲ್ಲ," ಎಂದರು ನೀಲಮ್ಮ.

"ಪೂಜಿ ಮುಗೀಲಿ ಬಿಡವ್ವ. ನಡುವೆ ಎಬ್ಬಿಸಿದ್ರೆ ಸಂಜಿತನಕ ಮಾರಿ ಊದಿಸ್ಕಂಡಿರ್ತಾಳ."

ಕೋಣೆಯಿಂದ ಗುನುಗು ಕೇಳುತ್ತಿತ್ತು. ಎಲ್ಲರಿಗೂ ಕೇಳಿತು. ಅದಕ್ಕೇ ಯಾರೂ ಎಬ್ಬಿಸಲಿಲ್ಲ. ಶೀನ ಒಂದು ತಟ್ಟೆ ತುಂಬಿಸಿ, ತನ್ನದೇ ಲೋಟದಲ್ಲಿ ವೈನ್ ಹಾಕಿ, ಬಾಗಿಲನ್ನು ಮೊಳದಷ್ಟು ಸರಿಸಿ ಒಳಗಿಟ್ಟು ಬಂದ. ಮಬ್ಬಿನಲ್ಲಿ ತಲೆ ಮೇಲೆ ಸೆರಗು ಹೊದ್ದ ಬೆನ್ನು ಅವನಿಗೆ ಕಂಡಿತ್ತು. ಸ್ವಲ್ಪ ಹೊತ್ತು ಬಿಟ್ಟು ತಟ್ಟೆ ತಂದ. ಖಾಲಿ.

"ಅಮ್ಮಂದ್ ಊಟ ಆಯ್ತ್. ವೈನೂ ಒಂದ್ ತೊಟ್ಟ್ ಬಿಡ್ಲಿಲ್ಲೆ."

ಮುರಿಗೆಪ್ಪ ಅಗಿಯುವುದನ್ನು ನಿಲ್ಲಿಸಿದರು.

"ಏನಂದಿ? ಅಕಿ ಕುಡದ್ಲಾ? ಯಾವ ಲೋಟದಾಗೆ? ಅಕಿ ಲೋಟ ನನ್ನ ಕೈಯಾಗೇ ಐತಿ."

ಅವರು ಎರಡೂ ಕೈ ಎತ್ತಿ ಎರಡು ಲೋಟ ತೋರಿಸಿದರು. ಸ್ತ್ರಾತಿಸ್‌ಗೆ ಕನ್ನಡ ಬಾರದು. ಆದರೆ ಒಬ್ಬ ಮನುಷ್ಯನ ಎರಡು ಕೈಯಲ್ಲಿ ಎರಡು ಲೋಟ ಅವನಿಗೆ ಕಂಡಿತು. ಅವನ ಅಂಗಾಲು ನನ್ನ ಮೇಲೆ ತಣ್ಣಗಾಯಿತು. ಎದ್ದು ಹೋಗಿ ಬಾಗಿಲನ್ನು ಪೂರ್ತಿ ಸರಿಸಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಂಚು ಒಬ್ಬರು ಕೂತಷ್ಟು ಅಗಲಕ್ಕೆ ಒದ್ದೆಯಾಗಿತ್ತು.

ನೀಲಮ್ಮ ಮೆತ್ತಗೆ "ಅಕ್ಕ ದಡದಾಗೇ ಅದಾಳ" ಎಂದರು. ಸ್ತ್ರಾತಿಸ್ ಲಂಗರಿನ ಹಗ್ಗ ಬಿಚ್ಚದೆ ಕೊಡಲಿಯಿಂದ ಕಡಿದ. ಹಾಯಿ ಏರಿಸಿದರು, ಯಂತ್ರವನ್ನೂ ಚಾಲೂ ಮಾಡಿದರು. ಭೂಶಿರದಾಚೆ ಗಾಳಿ ಮುಖಕ್ಕೆ ಹೊಡೆಯಿತು. ನಾನು ನನ್ನ ಆಯುಷ್ಯದಲ್ಲಿ ಅಷ್ಟು ಜೋರಾಗಿ ಓಡಿಲ್ಲ. ಮುರಿಗೆಪ್ಪ ಮೂತಿಯಲ್ಲಿ ನನ್ನ ಕಟಕಟೆ ಹಿಡಿದು ನಿಂತಿದ್ದರು. ಅವರ ಭಾರವೆಲ್ಲ ಮುಂದಕ್ಕೆ ಬಾಗಿದ್ದು ನನಗೆ ತಿಳಿಯುತ್ತಿತ್ತು. ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ. ಕೋಣೆಯ ಬೆಂಚಿನ ಮೇಲಿನ ತೂಕ ಎದ್ದಿರಲಿಲ್ಲ.

ದಡ ಹೋಗಿತ್ತು. ಅಲೆ ಗುಡಿಯ ಬಾಗಿಲಿಗೆ ಬಡಿಯುತ್ತಿತ್ತು. ಸರ್ವಮಂಗಳಮ್ಮ ಚಪ್ಪಟೆ ಕಲ್ಲಿನ ಮೇಲೆ ನಿಂತಿದ್ದರು, ಸೊಂಟದವರೆಗೆ ನೀರು, ಒಂದು ಮುಷ್ಟಿ ಎದೆಗೆ ಒತ್ತಿಕೊಂಡು. ಹಲಗೆ ಹಾಕಲು ಆಗುವಂತಿರಲಿಲ್ಲ. ಶೀನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿದ. ಎರಡು ಸಲ ಅಲೆ ಅವನನ್ನು ಬಂಡೆಗೆ ಎತ್ತಿ ಹಾಕಿತು. ಮೂರನೇ ಸಲ ಆಕೆಯ ತೋಳು ಸಿಕ್ಕಿತು. ಎಲ್ಲರೂ ಹಗ್ಗ ಎಳೆದರು. ಡಚ್ ಹೆಂಗಸು ಅಳುತ್ತಲೇ ಎಳೆದಳು.

ಮೇಲೆ ಬಂದ ಮೇಲೆ ಆಕೆ ಮೊದಲು ಮುಷ್ಟಿ ಬಿಡಿಸಿ ನೋಡಿಕೊಂಡರು. ಲಿಂಗ ಇತ್ತು. ಆಮೇಲೆ ಗಂಡನನ್ನು ನೋಡಿದರು.

"ಎಷ್ಟು ಕೂಗಿದೆ. ಯಾರೂ ತಿರುಗಲಿಲ್ಲಲ್ರೀ."

"ನಾವು ಇಲ್ಲಿರಲಿಲ್ಲ ಮಂಗಳಾ. ಆ ಕಡೆ ಹೋಗಿದ್ವಿ."

"ಸುಳ್ಳು ಯಾಕ ಹೇಳ್ತೀರಿ? ದೋಣಿ ಇಲ್ಲೇ ನಿಂತಿತ್ತು. ಎಲ್ಲಾರೂ ಉಣ್ಣಾಕ ಹತ್ತಿದ್ರಿ. ನಾನೂ ಕುಂತಿದ್ನೆಲ್ಲ ನಿಮ್ಮ ಬಾಜೂಕ, ಕ್ವಾಣ್ಯಾಗೆ. ಆ ಕುಂತಾಕಿ ಒಬ್ಬಾಕಿನೇ ನನ್ನ ಕಡೆ ತಿರುಗಿ ನೋಡಿದ್ಲು."

ನೀಲಮ್ಮ ಅಕ್ಕನ ತಲೆ ಒರೆಸುತ್ತ, ಒಂದು ತುತ್ತು ಉಣ್ಣು ಎಂದು ತಟ್ಟೆ ಹಿಡಿದರು.

"ಬ್ಯಾಡ ನೀಲಾ. ಹೊಟ್ಟಿ ತುಂಬೈತಿ." ಆಕೆ ನಾಲಿಗೆ ಸವರಿಕೊಂಡರು. "ಬಾಯಾಗೆ ಯಾಕೋ ಹುಳಿ ಹುಳಿ."

ಸಂಜೆ ಬಂದರಿನಲ್ಲಿ ಆರು ಜನರೂ ಇಳಿದರು. ನನ್ನ ಕಣ್ಣೆದುರೇ ಇಳಿದರು. ಆದರೆ ನಾನು ನೀರಿನಿಂದ ಮೇಲೆದ್ದದ್ದು ಐದು ಜನರಷ್ಟು ಮಾತ್ರ.

ಆ ಮೇಲೆ ಸ್ತ್ರಾತಿಸ್ ಲೋಟಗಳನ್ನು ಬಿಸಾಡಿ ಬಾಯಿಬಿಟ್ಟೇ ಎಣಿಸತೊಡಗಿದ. ಕೋಣೆಯ ಬಾಗಿಲಿಗೆ ಹಲಗೆ ಬಡಿದ. ಒಂದು ಬೇಸಿಗೆ ಕಷ್ಟಪಟ್ಟು ಓಡಿಸಿದ. ದೋಣಿ ಒಂದು ಕಡೆ ಜಗ್ಗುತ್ತದೆ ಎಂದು ಬಡಗಿಯನ್ನು ಕರೆಸಿ ತೋರಿಸಿದ. ಬಡಗಿ ತಳವೆಲ್ಲ ತಟ್ಟಿ ನೋಡಿ, ಮರ ಚೆನ್ನಾಗಿದೆ ಎಂದು ಹೋದ. ಕೊನೆಗೆ ಸ್ತ್ರಾತಿಸ್ ಅಪ್ಪನ ದೋಣಿಯ ಸಹವಾಸ ತನಗೆ ಸಾಕು ಎಂದು ನನ್ನನ್ನು ದಡಕ್ಕೆ ಎಳೆಸಿದ. ನಾಲ್ಕು ಊರೆಗೋಲು ಕೊಟ್ಟು ನಿಲ್ಲಿಸಿದರು. ಕೋಣೆ ಕಡೆಯ ಊರೆಗೋಲು ಮಾತ್ರ ದಿನದಿನಕ್ಕೆ ಮರಳಿನೊಳಗೆ ಇಳಿಯುತ್ತಿತ್ತು.

ನೀಲಮ್ಮ ಆಗಾಗ ಶೀನನಿಗೆ ಫೋನ್ ಮಾಡುತ್ತಿದ್ದರು. ಅವನು ನನ್ನ ನೆರಳಲ್ಲಿ ಕೂತು ಮಾತಾಡುತ್ತಿದ್ದ. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಅಕ್ಕ ಮನ್ಯಾಗೆ ಅಡ್ಡಾಡುವಾಗ ಗ್ವಾಡಿ ಹಿಡ್ಕಂಡು ಅಡ್ಡಾಡ್ತಾಳ. ನೆಲ ತೂಗತೈತಂತ. ದಿನಾ ಸೊರಗಾಕ ಹತ್ಯಾಳ, ಮೂವತ್ತು ಕೇಜಿಗೆ ಬಂದಾಳ. ಡಾಕ್ಟ್ರು ಏನೂ ಇಲ್ಲಂತಾರ. ಕೇಳಿದ್ರೆ, ನಾನಿನ್ನೂ ದೋಣ್ಯಾಗೇ ಅದೀನಿ ಅಂತಾಳ. ಭಾವ ಮಾತೇ ಬಿಟ್ಟಾರ."

ಶೀನನಿಗೆ ಹೆದರಿಕೆ. ತಟ್ಟೆ ಇಟ್ಟ ಕೈ ಅವನದು. ನನ್ನನ್ನು ದಡಕ್ಕೆ ಎಳೆದ ಮೇಲೆ ಅವನು ನನ್ನ ನೆರಳಲ್ಲಿ ಕೂತನೇ ಹೊರತು ಮೇಲೆ ಹತ್ತಲಿಲ್ಲ.

ಇವತ್ತು ಮಧ್ಯಾಹ್ನ ನನ್ನನ್ನು ಒಡೆಯುವ ಯಂತ್ರ ಬರುತ್ತದೆ. ಹಳೆಯ ಮರದ ದೋಣಿಗಳನ್ನು ಹಾಗೇ ಮಾಡುತ್ತಾರೆ. ಉಗುರಿರುವ ದೊಡ್ಡ ಕೈಯಿಂದ ಬೆನ್ನು ಮುರಿದು, ಲಾರಿಗೆ ತುಂಬುತ್ತಾರೆ. ನನಗೆ ನನ್ನ ಚಿಂತೆ ಇರಲಿಲ್ಲ. ನನ್ನ ಕೋಣೆಯಲ್ಲಿ ಒಬ್ಬರು ಕೂತಿದ್ದರು.

ಬೆಳಿಗ್ಗೆ ಶೀನ ಬಂದ. ಹೆಗಲಲ್ಲಿ ಚೀಲ. ಅವನೂ ಇವತ್ತೇ ಊರಿಗೆ ಹೊರಟಿದ್ದಾನೆ, ದಾವಣಗೆರೆಯ ಮೇಲೆ ಹಾದು. ಏಣಿ ಇಟ್ಟು ಹತ್ತಿದ. ಬಾಗಿಲಿಗೆ ಬಡಿದ ಹಲಗೆಯನ್ನು ಮೀಟಿ ತೆಗೆದ. ಒಳಗೆ ನೋಡಲಿಲ್ಲ. ಬೆನ್ನು ತಿರುಗಿಸಿ ನಿಂತು, ಮನೆಗೆ ಬಂದ ನೆಂಟರನ್ನು ಊಟಕ್ಕೆ ಎಬ್ಬಿಸುವ ಹಾಗೆ ಕರೆದ.

"ಅಮ್ಮ, ಎಲ್ರೂ ಇಳ್ದ್ರ್. ನಿಮ್ಮನ್ನ್ ಕರೂಕ್ ಯಾರೂ ಬರ್ಲಿಲ್ಲೆ, ತಪ್ಪಾಯ್ತ್. ಏಳಿ. ಊರಿಗ್ ಹೋಪ."

ಗಾಳಿಯಿರಲಿಲ್ಲ. ಬೆಂಚು ಕಿರ್ ಎಂದಿತು. ಮೂರು ಮೆಟ್ಟಿಲು, ಮೆಲ್ಲಗೆ, ಕೇಳಿ ಕೇಳಿ ಇಟ್ಟ ಹೆಜ್ಜೆ. ಶೀನ ತಿರುಗಿ ನೋಡಲಿಲ್ಲ. ಮುಂದೆ ಮುಂದೆ ನಡೆದು ಏಣಿ ಇಳಿದ. ಊರೆಗೋಲಿನ ಮೇಲಿನ ಭಾರ ಬಿಟ್ಟಿತು. ನಾನು ನೆಟ್ಟಗಾದೆ.

ಅವನು ಮರಳಿನ ಮೇಲೆ ನಡೆದು ಹೋಗುವುದನ್ನು ನೋಡಿದೆ. ಹೆಜ್ಜೆಗುರುತು ಒಬ್ಬನದೇ. ಆದರೆ ಇಬ್ಬರ ಭಾರ ಹೊತ್ತವನಂತೆ ಆಳವಾಗಿ ಇಳಿಯುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

ದಾವಣಗೆರೆ ಎಷ್ಟು ದೂರವೋ ನನಗೆ ಗೊತ್ತಿಲ್ಲ. ನನ್ನಂಥವರು ಅಲ್ಲಿಗೆ ಹೋಗಲಾರರು. ಅವನು ಮುಟ್ಟಿಸುತ್ತಾನೋ, ಅಲ್ಲಿಯವರೆಗೆ ಮನೆಯಲ್ಲಿ ಸೊರಗುತ್ತಿರುವ ಆಕೆ ಉಳಿದಿರುತ್ತಾರೋ, ತಿಳಿಯುವಷ್ಟು ಹೊತ್ತು ನಾನಿರುವುದಿಲ್ಲ. ದೋಣಿಯಾಗಿ ಹುಟ್ಟಿದ್ದಕ್ಕೆ ಮಾಡಬೇಕಾದ ಕೆಲಸ ಒಂದೇ. ಹತ್ತಿದವರನ್ನು ಇಳಿಸಬೇಕು. ನನ್ನದು ಎರಡು ವರ್ಷ ತಡವಾಯಿತು.

ಯಂತ್ರದ ಸದ್ದು ರಸ್ತೆಯ ತಿರುವಿನಲ್ಲಿ ಕೇಳುತ್ತಿದೆ. ನನ್ನೊಳಗೆ ಈಗ ಯಾರೂ ಇಲ್ಲ.